ಪ್ರತಿಕ್ರಿಯೆ: ಹಣ್ಣಿನ ರಸವೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ

ನಮಸ್ಕಾರ. ಆರು ವರ್ಷದ ಮಗಳಿಗೆ ತಂಪು ಪಾನೀಯ ಬಿಡಿಸಿ ಹಣ್ಣಿನ ರಸ ಕೊಡುತ್ತಿದ್ದರೂ ಅವಳು ಊಟದ ಹೊತ್ತಿಗೆ ಬಿಸ್ಕತ್ತನ್ನೇ ಬೇಡುತ್ತಾಳೆ ಎಂದು ಬರೆದಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಮೊದಲು ಬದಲಿಸಬೇಕಾದದ್ದು ಆ ರಸವನ್ನೇ. ವಿಶ್ವ ಆರೋಗ್ಯ ಸಂಸ್ಥೆಯು 2015ರ ಮಾರ್ಗಸೂಚಿಯಲ್ಲಿ, ಆಹಾರಕ್ಕೆ ಬೆರೆಸಿದ ಸಕ್ಕರೆಯ ಜೊತೆಗೆ ಜೇನುತುಪ್ಪ ಮತ್ತು ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನೂ ಒಂದೇ ಗುಂಪಿಗೆ ಸೇರಿಸಿ, ಇವೆಲ್ಲವೂ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕೆಂದು ಹೇಳಿದೆ. ದಿನಕ್ಕೆ 1,500 ಕಿಲೋಕ್ಯಾಲೊರಿ ಬೇಕಾಗುವ ಮಗುವಿಗೆ ಅದು ಸುಮಾರು 37 ಗ್ರಾಂ, ಅಂದರೆ ಒಂಬತ್ತು ಟೀ ಚಮಚ. 250 ಮಿ.ಲೀ. ರಸದಲ್ಲೇ ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಹೆಚ್ಚು ಮುಗಿದುಹೋಗುತ್ತದೆ. ಇಡಿಯ ಹಣ್ಣಿನಲ್ಲಿ ನಾರು ಉಳಿದಿರುತ್ತದೆ, ಅಗಿದು ತಿನ್ನಲು ಸಮಯವೂ ಹಿಡಿಯುತ್ತದೆ. ಬಾಯಾರಿಕೆಗೆ ನೀರು ಸಾಕು.

ಬಿಸ್ಕತ್ತಿನ ಮೈದಾ ಬೇಗ ಜೀರ್ಣವಾಗಿ ಹಸಿವೆ ಬೇಗ ಮರಳುವುದರಿಂದ, ಸಂಜೆಯ ತಿಂಡಿಯಲ್ಲಿ ಮೊಸರು, ಮೊಟ್ಟೆ ಅಥವಾ ಬೇಯಿಸಿದ ಕಾಳುಗಳಿದ್ದರೆ ಊಟದವರೆಗೆ ತಡೆಯುವುದು ಸುಲಭ. ಹೊಸ ರುಚಿಯನ್ನು ಮಕ್ಕಳು ಒಪ್ಪಲು ಹತ್ತಾರು ಬಾರಿ ಬೇಕಾಗಬಹುದು, ಆದ್ದರಿಂದ ಒತ್ತಾಯಿಸದೆ ಸ್ವಲ್ಪವೇ ಬಡಿಸುತ್ತಿರಿ. ಊಟ ಮುಗಿಸಿದ್ದಕ್ಕೆ ಬಹುಮಾನವಾಗಿ ಬಿಸ್ಕತ್ತು ಕೊಡುವುದನ್ನು (ನಾನೂ ಮಾಡಿದ ತಪ್ಪಿದು) ದಯವಿಟ್ಟು ನಿಲ್ಲಿಸಿ. ಅದರಿಂದ ಸಿಹಿಯ ಬೆಲೆಯೇ ಮಗುವಿನ ಕಣ್ಣಿನಲ್ಲಿ ಹೆಚ್ಚುತ್ತದೆ.