ಪೊಟ್ಟಣದ ಹಿಂದಿನ ನಂಬರುಗಳು

ಪ್ರಶ್ನೆ: ತಿಂಡಿ ಪೊಟ್ಟಣಗಳ ಹಿಂದೆ 211, 330 ಅಂತೆಲ್ಲ ಬರೆದಿರುತ್ತದೆ. ಇವೆಲ್ಲ ಕೆಮಿಕಲ್ ಅಲ್ವಾ? ಒಂದು ಕಡೆ ನಿಷೇಧಿಸಿದ್ದನ್ನು ಇನ್ನೊಂದು ಕಡೆ ಬಿಡುತ್ತಾರೆ. ಯಾರನ್ನು ನಂಬುವುದು?

ಉತ್ತರ: ನಂಬರ್ ನೋಡಿ ಸುಮ್ನೆ ಹೆದರಬೇಡಿ. ಆಹಾರಕ್ಕೆ ಸೇರಿಸುವ ಪದಾರ್ಥಗಳ ಗುರುತಿನ ಸಂಖ್ಯೆ ಅಷ್ಟೇ ಅದು. 330 ಅಂದರೆ ಸಿಟ್ರಿಕ್ ಆಮ್ಲ, ನಿಂಬೆಯಲ್ಲಿರುವ ಹುಳಿಯೇ. 211 ಸೋಡಿಯಂ ಬೆಂಜೊಯೇಟ್, ಬೂಷ್ಟು ಹಿಡಿಯದಂತೆ ತಡೆಯುತ್ತದೆ. ಮುಖ್ಯ ಪ್ರಶ್ನೆ ಎಷ್ಟು ಹಾಕಿದ್ದಾರೆ ಅನ್ನುವುದು. ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿ, ಯಾವ ತೊಂದರೆಯೂ ಕಾಣದ ಪ್ರಮಾಣ ಹುಡುಕಿ, ಅದನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಜೀವನಪೂರ್ತಿ ದಿನಾ ತಿಂದರೂ ಪರವಾಗಿಲ್ಲ ಅನ್ನುವ ಮಿತಿ ಅದು. ಲೆಕ್ಕ ದೇಹದ ತೂಕದ ಮೇಲೆ, ಹಾಗಾಗಿ ಮಕ್ಕಳು ಬೇಗ ಮಿತಿ ಮುಟ್ಟುತ್ತಾರೆ. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ!

ನಿಷೇಧದ ಗೊಂದಲಕ್ಕೆ 171 ಒಳ್ಳೆಯ ಉದಾಹರಣೆ, ಅಂದರೆ ಬಿಳಿ ಬಣ್ಣ ಕೊಡುವ ಟೈಟಾನಿಯಂ ಡೈಆಕ್ಸೈಡ್. ಅದು ವಂಶವಾಹಿಗೆ ಹಾನಿ ಮಾಡುವುದಿಲ್ಲ ಅಂತ ಖಚಿತವಾಗಿ ಹೇಳಲಾಗದು ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2021ರಲ್ಲಿ ಹೇಳಿತು, 2022ರಲ್ಲಿ ಯುರೋಪ್ ಒಕ್ಕೂಟ ಅದನ್ನು ಆಹಾರದಿಂದ ತೆಗೆಯಿತು. ವಿಶ್ವಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ನೋಡಿ, ಭಯಪಡುವಂಥದ್ದಿಲ್ಲ ಎಂದಿತು. ಅನುಮಾನ ಬಂದರೆ ತೆಗೆಯಬೇಕೋ, ಹಾನಿಯ ಸಾಕ್ಷಿ ಸಿಗುವವರೆಗೆ ಬಳಸಲು ಬಿಡಬೇಕೋ, ಜಗಳ ಇರುವುದು ಅಲ್ಲಿ.

ನನಗೆ ಇದಕ್ಕಿಂತ ಕಿರಿಕಿರಿ ಅನಿಸುವುದು ಅಮೆರಿಕದ ಒಂದು ಪದ್ಧತಿ. ಅಲ್ಲಿ ಕಂಪನಿಯೇ ತನ್ನ ಪದಾರ್ಥ ಸುರಕ್ಷಿತ ಅಂತ ತೀರ್ಮಾನಿಸಿ, ಸರ್ಕಾರಕ್ಕೆ ತಿಳಿಸದೆಯೇ ಬಳಸಬಹುದಾದ ದಾರಿ ಬಹಳ ವರ್ಷಗಳಿಂದ ಇದೆ. ಪರೀಕ್ಷೆ ಬರೆದವರೇ ಅಂಕ ಹಾಕಿಕೊಂಡ ಹಾಗೆ, ಅಲ್ವಾ?