ಕುಡಿ ಚಿವುಟಿದ ಮೇಲೆ ಪಕ್ಕದ ಚಿಗುರು ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ದಾಸವಾಳ ಕೋಲಿನ ಹಾಗೆ ಒಂದೇ ಸಮ ಮೇಲಕ್ಕೆ ಹೋಗುತ್ತಿತ್ತು. ಕುಡಿ ಚಿವುಟಿದೆ. ಕೆಲವು ದಿನಗಳಲ್ಲೇ ಕೆಳಗೆ ಮೂರು ಕಡೆ ಚಿಗುರೊಡೆಯಿತು. ಗಾಯ ಆಗಿದ್ದಕ್ಕೆ ಗಿಡ ಹೊಸ ಮೊಗ್ಗು ಹುಟ್ಟಿಸಿಕೊಂಡಿತೇ?

ಉತ್ತರ: ಇಲ್ಲ, ಅವು ಮೊದಲೇ ಅಲ್ಲಿದ್ದವು. ನೀವು ಎಬ್ಬಿಸಿದಿರಿ, ಅಷ್ಟೇ. ಇನ್ನೂ ಚಿವುಟದ ಒಂದು ಕೊಂಬೆ ಹಿಡಿದು, ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿಯನ್ನು, ಅಂದರೆ ಎಲೆಯ ಕಂಕುಳನ್ನು ನೋಡಿ. ಅಲ್ಲೊಂದು ಚಿಕ್ಕ ಉಬ್ಬು ಇರುತ್ತದೆ. ಕಬ್ಬಿನ ಗೆಣ್ಣಿನಲ್ಲಿ ನಾವು ಕಣ್ಣು ಅನ್ನುವುದು ಇದನ್ನೇ. ಆಲೂಗಡ್ಡೆಯ ಕಣ್ಣೂ ಇದೇ, ಯಾಕೆಂದರೆ ಆಲೂಗಡ್ಡೆ ಬೇರಲ್ಲ, ಮಣ್ಣಿನೊಳಗೆ ಉಬ್ಬಿದ ಕಾಂಡ.

ಕುಡಿಯಲ್ಲಿ ಎಲೆ ಮೂಡುವಾಗ ಸುತ್ತಲಿನ ಜೀವಕೋಶಗಳು ಒಂದೊಂದು ಕೆಲಸ ಹಿಡಿದು ಬಲಿತುಬಿಡುತ್ತವೆ, ಆದರೆ ಎಲೆಯ ಬುಡದಲ್ಲಿ ಕೆಲವೇ ಕೋಶಗಳು ಮಾತ್ರ ಯಾವ ಕೆಲಸಕ್ಕೂ ಸೇರದೆ ಎಳೆಯದಾಗಿಯೇ ಉಳಿದು, ಆಮೇಲೆ ನಿಧಾನಕ್ಕೆ ಒಡೆದು ಹೆಚ್ಚಿ, ಮಡಚಿಟ್ಟ ಪುಟ್ಟ ಎಲೆಗಳ ಸಮೇತ ಇನ್ನೊಂದು ಕುಡಿಯನ್ನೇ ಕಟ್ಟಿಬಿಡುತ್ತವೆ. ಪೂರ್ತಿ ಕೊಂಬೆಯೇ ಆ ಚುಕ್ಕಿಯೊಳಗೆ ತಯಾರು! ಒಂದೇ ಒಂದು ಜೀನ್ ಕೆಟ್ಟಿರುವ ಟೊಮೆಟೊ ತಳಿಯೊಂದಿದೆ. ಅದರ ಹೆಚ್ಚಿನ ಎಲೆಗಳ ಕಂಕುಳು ಖಾಲಿ. ಅಂಥ ಗಿಡದ ಕುಡಿ ಚಿವುಟಿ ಏನು ಪ್ರಯೋಜನ?

ಇನ್ನು, ತಯಾರಾದ ಕಣ್ಣು ಸುಮ್ನೆ ಯಾಕೆ ಕೂತಿತ್ತು? ಮೇಲಿನ ಕುಡಿಯ ಹಿಡಿತ ಅದು. ಕುಡಿಯ ಎಳೆ ಎಲೆಗಳಲ್ಲಿ ಆಕ್ಸಿನ್ ಎಂಬ ಹಾರ್ಮೋನ್ ತಯಾರಾಗಿ ಕಾಂಡದೊಳಗೆ ಕೆಳಕ್ಕೆ ಇಳಿಯುತ್ತಿರುತ್ತದೆ. 1933ರಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬಿಬ್ಬರು ವಿಜ್ಞಾನಿಗಳು ಬ್ರಾಡ್ ಬೀನ್ ಎಂಬ ಜಾತಿಯ ಹುರುಳಿಕಾಯಿ ಗಿಡದ ಕುಡಿ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಇಟ್ಟು ನೋಡಿದರು. ಕಣ್ಣುಗಳು ಕುಡಿ ಇದ್ದಾಗಿನಂತೆಯೇ ಏಳದೆ ಉಳಿದವು. ಪಾಠ ಇಲ್ಲಿಗೇ ಮುಗಿಸುವವರು ಜಾಸ್ತಿ, ನನಗೆ ಅದು ಅರ್ಧ ಕಥೆ ಅನಿಸುತ್ತದೆ. ಯಾಕೆಂದರೆ ಮೇಲಿಂದ ಇಳಿಯುವ ಆಕ್ಸಿನ್ ಕಣ್ಣಿನೊಳಗೆ ಹೋಗುವುದೇ ಇಲ್ಲ! ಅದು ಕಾಂಡದಲ್ಲಿದ್ದುಕೊಂಡೇ, ಕಣ್ಣನ್ನು ಎಬ್ಬಿಸುವ ಸೈಟೋಕೈನಿನ್ ಎಂಬ ಹಾರ್ಮೋನ್ ತಯಾರಾಗದಂತೆ ತಡೆಯುತ್ತದೆ, ಮಲಗಿಸುವ ಸ್ಟ್ರೈಗೋಲ್ಯಾಕ್ಟೋನ್ ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚಿಸುತ್ತದೆ. ಈ ಎರಡನೆಯದಕ್ಕೆ ಕವಲು ತಡೆಯುವ ಕೆಲಸವೂ ಇದೆ ಅಂತ ಗೊತ್ತಾಗಿದ್ದು 2008ರಲ್ಲಿ. ಸಕ್ಕರೆಯ ಪಾತ್ರ ಇನ್ನೂ ತಡವಾಗಿ, 2014ರಲ್ಲಿ ಬಟಾಣಿ ಗಿಡದಲ್ಲಿ ಸಿಕ್ಕಿತು. ಆಕ್ಸಿನ್ ಗಂಟೆಗೆ ಸುಮಾರು 1 ಸೆಂಟಿಮೀಟರ್ ಸಾಗುತ್ತದೆ. ಆ ಬಟಾಣಿಯ ಕುಡಿ ತೆಗೆದಾಗ ಆಕ್ಸಿನ್ ಕಡಿಮೆಯಾದ ಸುದ್ದಿ ಕೆಳಗೆ ಮುಟ್ಟುವ ಮೊದಲೇ ಅಲ್ಲಿನ ಕಣ್ಣು ಉಬ್ಬಲು ಶುರುವಾಗಿತ್ತು. ಕುಡಿ ಬಾಚಿಕೊಳ್ಳುತ್ತಿದ್ದ ಸಕ್ಕರೆ ಈಗ ಇತ್ತ ಬಂತು, ಅಲ್ವಾ, ಹೊಟ್ಟೆ ತುಂಬಿದ ಕಣ್ಣು ಎದ್ದಿತು.

ಹಾಗಂತ ಚಿವುಟಿದರೆ ಎಲ್ಲ ಕಣ್ಣೂ ಏಳುವುದಿಲ್ಲ. ದಟ್ಟ ನೆರಳಿದ್ದರೆ, ಮಣ್ಣಿನಲ್ಲಿ ರಂಜಕ ಕಡಿಮೆ ಇದ್ದರೆ ಗಿಡ ಕವಲಿಗೆ ಕೈ ಹಾಕುವುದು ಕಡಿಮೆ.

ಪ್ರಶ್ನೆ: ಗುಲಾಬಿ ಎಲೆಯ ಬುಡದಲ್ಲೆಲ್ಲ ಹುಡುಕಿದೆ, ಕಣ್ಣು ಕಾಣಲಿಲ್ಲ.

ಉತ್ತರ: ನೀವು ನೋಡಿದ್ದು ಬಹುಶಃ ಪೂರ್ತಿ ಎಲೆಯಲ್ಲ, ಎಲೆಯ ಒಂದು ಭಾಗವಾದ ಕಿರುಎಲೆ. ಗುಲಾಬಿಯಲ್ಲಿ ಒಂದೇ ಕಡ್ಡಿಯ ಮೇಲಿನ ಐದೋ ಏಳೋ ಕಿರುಎಲೆ ಸೇರಿ ಒಂದು ಎಲೆ. ಇಡೀ ಕಡ್ಡಿ ಕಾಂಡಕ್ಕೆ ಕೂಡುವ ಕಡೆ ನೋಡಿ, ಕಣ್ಣು ಅಲ್ಲಿರುತ್ತದೆ. ನುಗ್ಗೆ, ಬೇವಿನಲ್ಲೂ ಹೀಗೆಯೇ. ಕತ್ತರಿಸುವುದಾದರೆ ಹೊರಗೆ ಮುಖ ಮಾಡಿರುವ ಕಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ.

ಪ್ರಶ್ನೆ: ತೆಂಗಿನ ಕುಡಿ ತೆಗೆದರೆ ಅದೂ ಕವಲೊಡೆಯುತ್ತದೆಯೇ?

ಉತ್ತರ: ದಯವಿಟ್ಟು ಬೇಡ, ಮರ ಸತ್ತೇ ಹೋಗುತ್ತದೆ. ಅದಕ್ಕೂ ಗರಿಯ ಕಂಕುಳಲ್ಲಿ ಮೊಗ್ಗಿದೆ, ಆದರೆ ಅದು ಕೊಂಬೆಯಾಗುವುದಿಲ್ಲ, ಹೊಂಬಾಳೆಯಾಗುತ್ತದೆ.