ವಿದ್ಯುತ್, ಕಾಂತ, ಸೂರ್ಯ: ಕಿಟ್ ಬೇಡ, ಬಿಡಿ ಸಾಮಾನು ತನ್ನಿ

ಬೆಂಗಳೂರಿನ ಪ್ರೌಢಶಾಲೆ, ತರಗತಿಯಲ್ಲಿ 40 ಮಕ್ಕಳು, ಈ ಮೂರೂ ಪಾಠಕ್ಕೆ ರೆಡಿ ಕಿಟ್ ತರಿಸೋಣವೇ ಎಂದು ಕೇಳಿದ್ದೀರಿ. ಬೇಡ. ಒಂದೇ ಕಿಟ್ ಇದ್ದರೆ ಮೇಷ್ಟ್ರು ಮಾಡುತ್ತಾರೆ, ಮಕ್ಕಳು ನೋಡುತ್ತಾರೆ, ಆಮೇಲೆ ಅದು ಬೀರುವಿಗೆ ಹೋಗುತ್ತದೆ. ನಾಲ್ಕು ಮಕ್ಕಳಿಗೊಂದು ಸೆಟ್ಟಿನ ಲೆಕ್ಕದಲ್ಲಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಿರುವ ಎಸ್.ಪಿ. ರೋಡಿನಲ್ಲಿ ಬಿಡಿ ಸಾಮಾನು ಕೊಳ್ಳಿ.

ಎನಾಮಲ್ (ವಿದ್ಯುತ್ ಹಾಯದ ಲೇಪ) ಬಳಿದ ತಾಮ್ರದ ತಂತಿಯನ್ನು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ತೂಕಕ್ಕೆ ಕೊಡುತ್ತಾರೆ. 26 ಗೇಜ್ ಕೇಳಿ. ತಂತಿ ಅದಕ್ಕಿಂತ ತೆಳುವಾದರೆ ಮೋಟಾರಿನ ಸುರುಳಿ ಬಾಗುತ್ತದೆ, ದಪ್ಪವಾದರೆ ಮಕ್ಕಳ ಕೈಗೆ ಸುತ್ತಲು ಬರುವುದಿಲ್ಲ. ಜೊತೆಗೆ ದಪ್ಪ ಟಾರ್ಚ್ ಸೆಲ್, 3 ಇಂಚಿನ ಕಬ್ಬಿಣದ ಮೊಳೆ, ಬಿಲ್ಲೆ ಕಾಂತ, ಸಣ್ಣ ದಿಕ್ಸೂಚಿ, ಸೇಫ್ಟಿ ಪಿನ್ನು, ಗುಂಡುಸೂಜಿ, ಉಪ್ಪು ಕಾಗದ. ಮೊಬೈಲಿನ ಹಳೇ ಲಿಥಿಯಂ ಬ್ಯಾಟರಿ ಮಾತ್ರ ಯಾರೂ ತರದಂತೆ ನೋಡಿಕೊಳ್ಳಿ. ಶಾರ್ಟ್ ಆದರೆ ಬೆಂಕಿ ಹತ್ತಿಕೊಳ್ಳುತ್ತದೆ.

ವಿದ್ಯುತ್ಕಾಂತ ಮಾಡಲು ಮೊಳೆಗೆ 100 ಸುತ್ತು ಸುತ್ತಿದರೆ ತಂತಿಯ ರೋಧ ಸುಮಾರು 0.2 ಓಂ ಅಷ್ಟೇ. ಅಂದರೆ ಹೆಚ್ಚೂ ಕಡಿಮೆ ಶಾರ್ಟ್ ಸರ್ಕ್ಯೂಟ್. ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಸೆಲ್ಲಿಗೆ ಜೋಡಿಸಬೇಡಿ. ತಂತಿ ಬಿಸಿಯಾಗುತ್ತದೆ, ಸೆಲ್ ಸಾಯುತ್ತದೆ. ಸೆಲ್ ಬಿಚ್ಚಿದ ಮೇಲೂ ಮೊಳೆ ಗುಂಡುಸೂಜಿಗಳನ್ನು ಬಿಡದಿದ್ದರೆ ಅದು ಉಕ್ಕಿನದು. ಎಸೆಯಬೇಡಿ, ಶಾಶ್ವತ ಕಾಂತಕ್ಕೆ ಅದೇ ಉದಾಹರಣೆ.

ಮೋಟಾರಿಗೆ ಸೆಲ್ಲಿನ ಮೇಲೆ 10 ಸುತ್ತು ಸುತ್ತಿ ಬಳೆಯಾಕಾರದ ಸುರುಳಿ ತೆಗೆಯಿರಿ, ಎರಡು ತುದಿಗಳು ಎದುರುಬದುರಾಗಿ ನೇರ ಚಾಚಿರಲಿ. ಒಂದು ತುದಿಯ ಎನಾಮಲ್ ಪೂರ್ತಿ ಉಜ್ಜಿ. ಇನ್ನೊಂದರಲ್ಲಿ, ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದು ಮೇಲ್ಭಾಗವನ್ನಷ್ಟೇ ಉಜ್ಜಿ. ಹೆಚ್ಚಿನ ಗುಂಪುಗಳು ಎಡವುವುದು ಇಲ್ಲೇ. ಸೆಲ್ಲಿನ ಎರಡು ತುದಿಗೆ ತಾಗಿಸಿದ ಸೇಫ್ಟಿ ಪಿನ್ನುಗಳ ಮೇಲೆ ಸುರುಳಿಯನ್ನು ಕೂರಿಸಿ, ಅದರ ಕೆಳಗೆ ಕಾಂತ ಇಡಿ. ಎರಡೂ ತುದಿ ಪೂರ್ತಿ ಉಜ್ಜಿದರೆ ಪ್ರತಿ ಅರ್ಧ ಸುತ್ತಿಗೂ ಬಲ ತಿರುಗುಮುರುಗಾಗಿ ಸುರುಳಿ ಅಲ್ಲೇ ತೊನೆಯುತ್ತದೆ, ತಿರುಗುವುದಿಲ್ಲ. ಕಾರಣವನ್ನು ಮೊದಲೇ ಹೇಳಿಬಿಡಬೇಡಿ. ಅವರೇ ಕಂಡುಕೊಂಡರೆ ಕಮ್ಯುಟೇಟರ್ (ಮೋಟಾರಿನಲ್ಲಿ ಅರ್ಧ ಸುತ್ತಿಗೊಮ್ಮೆ ವಿದ್ಯುತ್ತಿನ ದಿಕ್ಕು ಬದಲಿಸುವ ಭಾಗ) ಪಾಠ ಅರ್ಧ ಮುಗಿದಂತೆ. ಕಸದಿಂದ ವಿಜ್ಞಾನದ ಆಟಿಕೆ ಮಾಡಿ ತೋರಿಸುವ ಅರವಿಂದ ಗುಪ್ತಾ ಅವರ ವೆಬ್‌ಸೈಟಿನಲ್ಲಿ ಇಂಥ ಮೋಟಾರುಗಳ ವಿಡಿಯೋ ಉಚಿತವಾಗಿವೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಇದಾದ ಮೇಲೆ ಕರೆದುಕೊಂಡು ಹೋಗಿ, ಮೊದಲಲ್ಲ.

ಸೂರ್ಯನ ಪಾಠಕ್ಕೆ ಖರ್ಚೇ ಇಲ್ಲ, ಫಲ ಮಾತ್ರ ಜಾಸ್ತಿ. ಪ್ಲಾಸ್ಟಿಕ್ ಚೆಂಡಿಗೆ ಮರಳು ತುಂಬಿ, ಬಳೆಯ ಮೇಲೆ ಕೂರಿಸಿ, ಮೇಲೊಂದು ಕನ್ನಡಿ ಚೂರು ಅಂಟಿಸಿ. ಕನ್ನಡಿಯನ್ನು ಕಪ್ಪು ಕಾಗದದಿಂದ ಮುಚ್ಚಿ 1 ಸೆಂ.ಮೀ. ತೂತು ಬಿಡಿ. ಬಿಸಿಲಲ್ಲಿಟ್ಟು 20 ಮೀಟರ್ ದೂರದ ಕತ್ತಲೆ ಕೋಣೆಯ ಗೋಡೆಗೆ ಬೆಳಕು ಹಾಯಿಸಿದರೆ ಸುಮಾರು 20 ಸೆಂ.ಮೀ. ಅಗಲದ ಸೂರ್ಯ ಮೂಡುತ್ತಾನೆ. ತೂತನ್ನು ತ್ರಿಕೋನ ಮಾಡಿದರೂ ಬಿಂಬ ದುಂಡಗೇ ಇರುತ್ತದೆ. ಗೋಡೆ ತೀರಾ ಹತ್ತಿರವಿದ್ದರೆ ಮಾತ್ರ ತ್ರಿಕೋನ. ಬಿಂಬದ ಅಗಲದಲ್ಲಿ ತೂತಿನ 1 ಸೆಂ.ಮೀ. ಕಳೆದು, ಗೋಡೆಯ ದೂರದಿಂದ (ಅದೂ ಸೆಂ.ಮೀ.ನಲ್ಲೇ) ಭಾಗಿಸಿ, ಸೂರ್ಯನಿಗಿರುವ ದೂರವಾದ 15 ಕೋಟಿ ಕಿ.ಮೀ.ಗೆ ಗುಣಿಸಿದರೆ ಸೂರ್ಯನ ವ್ಯಾಸ 14 ಲಕ್ಷ ಕಿ.ಮೀ. ಆಸುಪಾಸಿಗೆ ಬರುತ್ತದೆ. ಬಿಂಬ ಮೊಟ್ಟೆಯಾಕಾರವಾದರೆ ಬೆಳಕು ಗೋಡೆಗೆ ಓರೆಯಾಗಿ ಬೀಳುತ್ತಿದೆ ಎಂದರ್ಥ. ಚೆಂಡು ಮುಟ್ಟದೆ ಬಿಟ್ಟರೆ ಸುಮಾರು ಎರಡು ನಿಮಿಷದಲ್ಲಿ ಬಿಂಬ ತನ್ನ ಅಗಲದಷ್ಟೇ ಸರಿಯುತ್ತದೆ, ಭೂಮಿ ತಿರುಗುತ್ತಿರುವುದರಿಂದಲೇ ಹೀಗಾಗುತ್ತದೆ.

ಕನ್ನಡಿಯ ಬೆಳಕನ್ನು ಯಾರೂ ಕಣ್ಣಿಗೆ ಬಿಡಬಾರದು. ಎಕ್ಸ್‌ರೇ ಫಿಲ್ಮ್, ಹೊಗೆ ಹಿಡಿಸಿದ ಗಾಜಿನಲ್ಲಿ ಸೂರ್ಯನನ್ನು ನೋಡುವುದಂತೂ ಕೂಡದು.

ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆಟ್ಟಗಿನ ಕಂಬದ ನೆರಳು ಮಾಯವಾಗುವ ಶೂನ್ಯ ನೆರಳಿನ ದಿನ ಬೆಂಗಳೂರಿಗೆ ವರ್ಷಕ್ಕೆ ಎರಡು ಸಲ: ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ 12:17ರ ಆಸುಪಾಸು, ಆಗಸ್ಟ್ 18ರ ಸುಮಾರಿಗೆ 12:24ರ ಆಸುಪಾಸು. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಹಾಗಾಗಿ ಆಗಸ್ಟ್ ಎರಡನೇ ವಾರದಿಂದಲೇ ಬಿಸಿಲು ಬಂದ ದಿನವೆಲ್ಲ ಅಂಗಳದ ಕಂಬದ ಮಧ್ಯಾಹ್ನದ ನೆರಳು ಅಳೆಸಿ, ಗ್ರಾಫ್ ಹಾಕಿಸಿ. 18ಕ್ಕೆ ಮಳೆ ಬಂದರೂ ಗೆರೆ ಸೊನ್ನೆಯತ್ತ ಇಳಿಯುತ್ತಿರುವುದು ಗ್ರಾಫಿನಲ್ಲೇ ಕಾಣುತ್ತದೆ.